ಮಂಜಿನ ಲೆಕ್ಕ

ಬೈತಖೋಲದ ಐಸ್ ಫ್ಯಾಕ್ಟರಿಯಲ್ಲಿ ಲೆಕ್ಕ ಬರೆಯುವವಳು ನಾನು.
ಕೋಲ್ಡ್ ರೂಮಿನಿಂದ ಹೊರಬಿದ್ದರೆ ಸಾಕು,
ಚಷ್ಮಾದ ಮೇಲೆ ಯಾರೋ ಹಾ ಎಂದು ಉಸಿರು ಬಿಟ್ಟ ಹಾಗೆ
ಎರಡೂ ಗಾಜು ಬೆಳ್ಳಗೆ.
ಓಢಣಿಯ ಚುಂಗು ಹುಡುಕಿ ಒರೆಸುವಷ್ಟರಲ್ಲಿ
ಹಮಾಲರ ಕೈಗಾಡಿಗೆ ಒಂದು ಲಾದಿ ಹೆಚ್ಚು ಏರಿರುತ್ತಿತ್ತು.
ಕೈಯಲ್ಲಿ ಮಂಜು, ಕಣ್ಣಲ್ಲಿ ಮಂಜು,
ತಿಂಗಳ ಕೊನೆಗೆ ಪುಸ್ತಕದಲ್ಲೂ ಮಂಜು.

ಎಡಕ್ಕೆ ಮೈನಸ್ ಏಳೂಕಾಲು, ಬಲಕ್ಕೆ ಎಂಟು.
ಮೂರನೇ ಇಯತ್ತೆಯಿಂದ ಮೂಗಿನ ಮೇಲೆ ಎರಡು ಗುಳಿ,
ಮೀನಿನ ಮಾರ್ಕೆಟ್ಟಿನಲ್ಲಿ ಚಷ್ಮಾಬಾಯಿ ಎಂದೇ ಹೆಸರು.
ಜೂನಿನಲ್ಲಿ ಬೋಟುಗಳೆಲ್ಲ ದಡ ಸೇರಿದ ಮೇಲೆ
ಎತ್ತಿದ ಚೀಟಿಯ ದುಡ್ಡು ಕಟ್ಟಿಕೊಂಡು
ಹುಬ್ಬಳ್ಳಿಯ ಬಸ್ಸು ಹತ್ತಿದೆವು.
ಸಮುದ್ರದಲ್ಲಿ ಹತ್ತು ದಿನ ತೇಲಿ ಬರುವ ಪುಂಡಲೀಕ
ಅರಬೈಲ್ ಘಟ್ಟದ ಮೂರನೇ ತಿರುವಿಗೇ
ಕಿಟಕಿಯ ಹೊರಗೆ ತಲೆ ಹಾಕಿದ.

"ಹಸಿರು ಚುಕ್ಕಿ ನೋಡಕೋಂತ ಇರ್ರಿ ಅಕ್ಕಾರ,
ಅದನ್ನ ಬಿಟ್ಟು ಎಲ್ಲೂ ನೋಡಬ್ಯಾಡ್ರಿ."
ರೆಪ್ಪೆಗೆ ಚಿಮಟ. ಮುಚ್ಚಲು ಬರದ ಕಣ್ಣು.
ಉಂಗುರವೊಂದು ಒತ್ತಿತು, ಒತ್ತಿತು,
ಕರೆಂಟು ಹೋದ ಹಾಗೆ ಲೋಕ ಹೋಯಿತು.
ಮತ್ತೆ ಬಂದಾಗ, ತಾಜಾ ಹೌದೋ ಅಲ್ಲವೋ ಎಂದು
ಬಂಗಡೆಯ ಕಿವಿರು ಎತ್ತಿ ನೋಡುತ್ತಾರಲ್ಲ,
ಹಾಗೆ ನನ್ನ ಕಣ್ಣಿನ ಪದರ ಎತ್ತುತ್ತಿದ್ದರು.
ಟಕಟಕ ಸದ್ದು. ಕೂದಲು ಸುಟ್ಟ ಕಮಟು.
ಸುಡುತ್ತಿರುವುದು ನಾನೇ ಎಂದು ತಿಳಿದದ್ದು ತಡವಾಗಿ.
ಹದಿನೆಂಟು ಸೆಕೆಂಡು. ಪದರ ಮುಚ್ಚಿ ಸವರಿದರು.
ಎಷ್ಟು ಹೋಯಿತು ಡಾಕ್ಟ್ರೇ, ಎಂದೆ.
ಕೂದಲೆಳೆಯಷ್ಟು, ಅಂದರು.
ಲೆಕ್ಕದವಳಿಗೆ ಅದೊಂದು ಉತ್ತರವೇ?

ಮರುದಿನ ಲಾಡ್ಜಿನಲ್ಲಿ ಎಚ್ಚರವಾದಾಗ
ಕೈ ದಿಂಬಿನ ಬದಿ ತಡಕಾಡುತ್ತಿತ್ತು,
ಕಣ್ಣು ಆಗಲೇ ಫ್ಯಾನಿನ ಕಂಪನಿ ಹೆಸರು ಓದುತ್ತಿತ್ತು.
ಪಕ್ಕಕ್ಕೆ ತಿರುಗಿದೆ.
ಆರು ವರ್ಷ ಒಂದೇ ಹಾಸಿಗೆ,
ಆದರೂ ನಿದ್ದೆಯ ಇವನನ್ನು ನೋಡಿದವಳಲ್ಲ ನಾನು;
ಚಷ್ಮಾ ಸಿಗುವಷ್ಟರಲ್ಲಿ ಎದ್ದು ಹೋಗಿರುತ್ತಿದ್ದ.
ಬಾಯಿ ತೆರೆದು ಮಲಗುತ್ತಾನೆ.
ಎಡ ಹುಬ್ಬಿನಲ್ಲಿ ಮೂರು ಬಿಳಿ ಕೂದಲು.

ತಿಂಗಳೊಪ್ಪತ್ತು ಹನಿ ಔಷಧ. ಒಲೆಯ ಹೊಗೆ ಬೇಡ,
ಸಮುದ್ರದ ನೀರು ತಾಗಬಾರದು.
ಮೀನು ಅವನೇ ಹುರಿದ, ಸೀಯಿಸಿದ, ನಾನು ತಿಂದೆ.
ಕಣ್ಣೀರೂ ಬಾಟಲಿಯಲ್ಲಿ ಬರುತ್ತದೆಂದು
ಬಿಲ್ಲು ನೋಡಿ ಗೊತ್ತಾಯಿತು.

ಆಗಸ್ಟಿನಲ್ಲಿ ಬೋಟುಗಳು ಹೊರಟವು.
ಮೊದಲೆಲ್ಲ ಜೆಟ್ಟಿಯ ಮೇಲೆ ನಿಂತರೆ
ಉಪ್ಪಿನ ತುಂತುರು ಬಡಿದು ಗಾಜು ತುಂಬುತ್ತಿತ್ತು.
ಒರೆಸಿ ಹಾಕಿಕೊಳ್ಳುವಷ್ಟರಲ್ಲಿ
ಯಾವ ಬೋಟು ಯಾರದೆಂದು ತಿಳಿಯದೆ
ಎಲ್ಲರ ಗಂಡಂದಿರಿಗೂ ಕೈ ಬೀಸಿ ಕೆಲಸಕ್ಕೆ ಹೋಗುತ್ತಿದ್ದೆ.
ಅವನೂ ಬೀಸುತ್ತಿದ್ದಾನೆ ಎಂದುಕೊಂಡಿದ್ದೆ.

ಈ ಸಲ ಕಂಡಿತು:
ಬೋಟಿನ ನಂಬರು, ಬಣ್ಣ ಎದ್ದ ಹಲಗೆ,
ಇಸ್ತ್ರಿ ಮಾಡದ ನೀಲಿ ಅಂಗಿ,
ಆ ಅಂಗಿಯ ಬೆನ್ನು.
ಬಗ್ಗಿ ಹಗ್ಗ ಸುತ್ತುತ್ತಿದ್ದ. ಸುತ್ತುತ್ತಲೇ ಇದ್ದ.
ಬ್ರೇಕ್‌ವಾಟರ್ ದಾಟಿತು, ನನಗೆ ಮುಗಿಯಲಿಲ್ಲ.
ದೇವಗಡದ ದೀಪಸ್ತಂಭದ ಬದಿಗೆ ಸರಿಯಿತು, ಮುಗಿಯಲಿಲ್ಲ.
ಕಣ್ಣು ಸರಿಯಾದರೆ
ಬೀಳ್ಕೊಡುವುದು ಇಷ್ಟು ಉದ್ದವಾಗುತ್ತದೆಂದು
ಯಾರೂ ಹೇಳಿರಲಿಲ್ಲ.
ನಡುಗಡ್ಡೆಯ ಆಚೆ, ಚುಕ್ಕಿಯಾಗುವ ಮೊದಲು,
ಒಬ್ಬ ಎದ್ದು ದಡದ ಕಡೆ ತಿರುಗಿ ನಿಂತ ಹಾಗಾಯಿತು.
ಅವನೋ, ತಾಂಡೇಲನೋ.
ಅಷ್ಟು ದೂರಕ್ಕೆ ಯಾವ ಲೇಸರೂ ಸಾಲದು.

"ಅಳ್ತೀಯೇನೇ ಚಷ್ಮಾಬಾಯಿ?" ಶೇವಂತಿ ಬುಟ್ಟಿ ಇಳಿಸಿ ಕೇಳಿದಳು.
ಹತ್ತು ಗಂಟೆಯ ಹನಿ, ಎಂದು ಬಾಟಲಿ ತೋರಿಸಿದೆ.
ಬೂಚು ಇನ್ನೂ ತೆಗೆದಿರಲಿಲ್ಲ.

ಫ್ಯಾಕ್ಟರಿಗೆ ಅರ್ಧ ಗಂಟೆ ತಡ.
ಕೋಲ್ಡ್ ರೂಮಿನ ಬಾಗಿಲು ತೆರೆದು
ಬಿಳಿ ಹಬೆ ಬರಿಗಣ್ಣಿಗೇ ಬಂತು.
ಕೈ ಮೂಗಿನವರೆಗೆ ಹೋಗಿ
ಅಲ್ಲಿ ಏನೂ ಸಿಗದೆ ಪೆನ್ನಿಗೆ ಮರಳಿತು.
ನೂರ ಹನ್ನೊಂದನೆಯ ಲಾದಿಯ ಹಿಂದೆಯೇ
ಇನ್ನೊಂದು ಗಾಡಿಗೆ ಜಾರಿದ್ದು ಕಂಡಿತು.
ಹಮಾಲ ನನ್ನ ಮುಖ ನೋಡಿದ.
ಕಾಣದವಳ ಹಾಗೆ
ನೂರ ಹನ್ನೊಂದು ಎಂದು ಬರೆದೆ.